ಷರಾ

ಅಕ್ಟೋಬರ್ ಕಡೆಯ ವಾರ, ಚಂದ್ರನಿಲ್ಲದ ರಾತ್ರಿ.
ಪಂಪ್‌ಹೌಸಿನ ಹಿಂದೆ ಸೀಟ್ಸ್ಕೆ ಬಲೆ ಎತ್ತುತ್ತಾಳೆ.
ಹಾವುಮೀನು ಹೊರಡುವುದು ಇಂಥ ಕತ್ತಲಲ್ಲೇ:
ಹತ್ತಿಪ್ಪತ್ತು ವರ್ಷ ಕಾಲುವೆಯ ಕೆಸರಲ್ಲಿ ಬೆಳೆದು
ಹೊಟ್ಟೆ ಬೆಳ್ಳಿಯಾದ ಮೇಲೆ,
ಕಣ್ಣು ದೊಡ್ಡದಾದ ಮೇಲೆ,
ಊಟ ಬಿಟ್ಟ ಮೇಲೆ.

ಕಾಲುವೆಗೂ ಕಡಲಿಗೂ ನಡುವೆ
ಹುಲ್ಲು ಹೊದ್ದ ಎಂಟು ಮೀಟರಿನ ಮಣ್ಣುಗೋಡೆ.
ಫ್ರೀಸ್‌ಲ್ಯಾಂಡ್ ಮುಳುಗದಂತೆ ಕಾಯುವುದು ಅದು,
ಮೀನಿನ ದಾರಿ ಮುಚ್ಚಿ ಕೂತದ್ದೂ ಅದೇ.
ಅದಕ್ಕೇ ಬಕೆಟ್ಟು. ಅದಕ್ಕೇ ಸೀಟ್ಸ್ಕೆ.
ಒಂದು ಕೈಗೆ ಹನ್ನೊಂದು ಮೀನು, ಇನ್ನೊಂದಕ್ಕೆ ಒಂಬತ್ತು,
ಹಲ್ಲಲ್ಲಿ ಟಾರ್ಚು.

ಕಾನೂನು ಹೇಳುತ್ತದೆ:
ಮನುಷ್ಯ ಕೈಯಿಡದೆ ಇದ್ದಿದ್ದರೆ
ಎಷ್ಟು ಮೀನು ಕಡಲು ಸೇರುತ್ತಿದ್ದವೋ
ಅದರಲ್ಲಿ ನೂರಕ್ಕೆ ನಲವತ್ತಾದರೂ ಸೇರಲಿ.
ಮನುಷ್ಯ ಕೈಯಿಡದ ಕಾಲುವೆ!
ಇಲ್ಲಿ ಕಾಲುವೆಯೇ ಮನುಷ್ಯನ ಕೈ.

ಮೊದಲ ವರ್ಷ ಅವಳು ಬೈದಿದ್ದಳು.
ಸುಗ್ಗಿಯ ಮೂರು ತಿಂಗಳು ಹಿಡಿದದ್ದನ್ನು ಮಾರುವಂತಿಲ್ಲ,
ಅಜ್ಜನ ಹೊಗೆಗೂಡಿನಲ್ಲಿ ಈಗ ಸೈಕಲ್ಲು.
ಟೌನ್‌ಹಾಲಿನಲ್ಲಿ ಮೇಜು ಗುದ್ದಿ ಕೇಳಿದಳು: ಯಾರ ಅಪ್ಪಣೆ?
ಹೇಗ್ ಅಂದಿತು, ಬ್ರಸೆಲ್ಸಿನದು.
ಬ್ರಸೆಲ್ಸ್ ಅಂದಿತು, ನಿಮ್ಮದೇ,
ನಿಮ್ಮ ಮಂತ್ರಿಯೂ ಕೈ ಎತ್ತಿದ್ದಾರೆ, ನೋಡಿ.
ಮಂತ್ರಿ ಅಂದರು, ವಿಜ್ಞಾನ.
ವಿಜ್ಞಾನ ಅಂದರೆ ವೂಟರ್, ಮೂಗಿನ ತುದಿಗೆ ಜಾರಿದ ಕನ್ನಡಕ.
ಅವನು ಅಂದ: ಈ ಮೀನು ಮೊಟ್ಟೆಯಿಡುವುದನ್ನು
ಇವತ್ತಿನವರೆಗೆ ಯಾರೂ ಕಣ್ಣಾರೆ ಕಂಡಿಲ್ಲ, ತಾಯೀ.
ಸಭೆ ಮುಗಿಯಿತು. ಕಾಫಿ ಆಗಲೇ ಆರಿತ್ತು.

ವೂಟರ್ ಮಾತ್ರ ಹಿಂದೆಯೇ ಬಂದ, ಸೈಕಲ್ ತಳ್ಳಿಕೊಂಡು.
ಹುಟ್ಟುವುದು ಯಾವ ಬಾವುಟವೂ ಇಲ್ಲದ ನೀರಲ್ಲಿ,
ಗಾಜಿನ ಎಳೆಯಾಗಿ ತೇಲಿ ಬರುವುದು,
ಪೋರ್ಚುಗಲ್ಲೋ ಪೋಲೆಂಡೋ,
ಯಾವ ಹೊಳೆ ಬಾಯಿ ತೆರೆಯಿತೋ ಆ ಹೊಳೆಯ ಪ್ರಜೆ.
ನೀವು ಬಿಟ್ಟ ಮೀನಿನ ಮರಿ ನಿಮ್ಮಲ್ಲಿಗೇ ಬರುವುದಿಲ್ಲ.
ಒಬ್ಬ ಬಿಟ್ಟು ಇನ್ನೊಬ್ಬ ಹಿಡಿದರೆ
ಬಿಟ್ಟವನೇ ಪೆದ್ದ.
ಎಲ್ಲರೂ ಒಟ್ಟಿಗೆ ಪೆದ್ದರಾಗಬೇಕು, ಅಂದ,
ಒಕ್ಕೂಟ ಇರುವುದೇ ಅದಕ್ಕೆ.
ಅವಳು ನಕ್ಕಳೋ ಗಾಳಿಯೋ, ಅವನಿಗೆ ತಿಳಿಯಲಿಲ್ಲ.

ಲೋಕದ ದೇಶಗಳೆಲ್ಲ ಕೂರುವ ದೊಡ್ಡ ಸಭೆಯಲ್ಲಿ
ಇವರೆಲ್ಲರ ಪರವಾಗಿ ಒಂದು ಫಲಕ, ಒಂದು ಮೈಕು.
ಬೆಳಿಗ್ಗೆ ಎಂಟಕ್ಕೆ ಬೇರೊಂದು ಕೋಣೆಯಲ್ಲಿ
ಇಪ್ಪತ್ತೇಳು ಗಂಟಲು ಜಗಳಾಡಿ ಸವೆದ ಮೇಲೆ
ಉಳಿಯುವ ದನಿ ಅದು.
ಅದಕ್ಕೇ ಅಷ್ಟು ಸಪ್ಪೆ.
ಅದಕ್ಕೇ ಅಷ್ಟು ತೂಕ.
ಅದು ಮಾತಾಡುತ್ತಿರುವಾಗಲೇ ಯಾವುದೋ ವಿಮಾನ ನಿಲ್ದಾಣದಲ್ಲಿ
ಸೂಟ್‌ಕೇಸೊಂದರೊಳಗೆ ನೀರು ಕುಲುಕುತ್ತದೆ,
ಉಸಿರು ತುಂಬಿದ ಚೀಲಗಳಲ್ಲಿ ಲಕ್ಷ ಗಾಜಿನ ಎಳೆಗಳು
ಪೂರ್ವಕ್ಕೆ ಹೊರಟಿವೆ.

ಕಾನೂನಿಗೆ ಇಪ್ಪತ್ತನಾಲ್ಕು ನುಡಿ,
ಮೀನಿಗೆ ಇಪ್ಪತ್ತನಾಲ್ಕು ಹೆಸರು.
ಸೀಟ್ಸ್ಕೆಯ ಮನೆಮಾತು ಆ ಪಟ್ಟಿಯಲ್ಲಿಲ್ಲ.
ಇಯಲ್, ಅನ್ನುತ್ತಾಳೆ ಬಕೆಟ್ಟಿಗೆ ಬಗ್ಗಿ,
ಇಯಲ್, ಸುಮ್ಮನಿರು, ಇನ್ನು ಹತ್ತೇ ಮೆಟ್ಟಿಲು.

ಏರಿಯ ನೆತ್ತಿಯಲ್ಲಿ ಗಾಳಿ ಟೋಪಿ ಕಿತ್ತಿತು.
ಹಿಡಿಯಲು ಹೋದ ಕೈಯಿಂದ ಬಕೆಟ್ಟು ವಾಲಿ
ಒಂದು ಮೀನು ಹುಲ್ಲಿಗೆ ಬಿತ್ತು.
ಟಾರ್ಚು ತಿರುಗಿಸುವಷ್ಟರಲ್ಲಿ ಇಲ್ಲ.
ಕಡಲ ಕಡೆಗೋ, ಕಾಲುವೆಯ ಕಡೆಗೋ,
ಒದ್ದೆ ಹುಲ್ಲು ಎರಡೂ ಕಡೆ ಒಂದೇ ಥರ ಮಿನುಗುತ್ತಿತ್ತು.
ಉಳಿದವನ್ನು ಕೆಳಗಿಳಿದು ನೀರಿಗೆ ಸುರಿದಳು.
ಒಂದೂ ಹಿಂತಿರುಗಿ ನೋಡಲಿಲ್ಲ. ನೋಡಬೇಕೆಂದೇನೂ ಇಲ್ಲ.

ಜೀಪಿನ ಬಾನೆಟ್ ಮೇಲೆ ಫಾರಂ ಹರಡಿ ಬರೆದಳು:
ಹಿಡಿದದ್ದು ಇಪ್ಪತ್ತು. ಬಿಟ್ಟದ್ದು ಹತ್ತೊಂಬತ್ತು. ಸತ್ತದ್ದು ಸೊನ್ನೆ.
ಲೆಕ್ಕ ಕೂಡಲಿಲ್ಲ.
ಷರಾ ಎಂಬಲ್ಲಿ, ತನ್ನ ಮನೆಮಾತಿನಲ್ಲಿ,
ಚಳಿಗೆ ಸೆಟೆದ ಬೆರಳಿಂದ ಬರೆದಳು:
ಇಬ್ಬನಿ ಇತ್ತು.

ಹತ್ತು ದಿನಕ್ಕೆ ಇಲಾಖೆಯಿಂದ ಪತ್ರ:
ತಮ್ಮ ಷರಾ ನಮಗೆ ತಿಳಿಯಲಿಲ್ಲ.
ದಯವಿಟ್ಟು ತಿಳಿಸಿ,
ಮೀನು ಯಾವ ಕಡೆ?